ಆರು ದಿನದ ವಾರ

ಫೆಬ್ರುವರಿ ೪, ಬುಧವಾರ

ಇವತ್ತಿನಿಂದ ನಮ್ಮ ತಲೆಯ ಮೇಲೆ ಒಬ್ಬ ತಜ್ಞರು. ಒಂದು ವರ್ಷದ ಕರಾರಂತೆ. ಮಂಗಳೂರಿನ ಒಂದು ಕಂಪನಿಯಿಂದ ದುರ್ಗಾ ಎಂಬ ಮೇಡಂ ಪ್ರತಿ ಬುಧವಾರ ಹನ್ನೊಂದು ಗಂಟೆಗೆ ಸ್ಕ್ರೀನಿನ ಮೇಲೆ ಬರುತ್ತಾರೆ, ಎರಡು ತಾಸು ಇರುತ್ತಾರೆ. ಕೋಡ್ ಬರೆಯುವುದಿಲ್ಲ, ತಿದ್ದುವುದೂ ಇಲ್ಲ. "ಬರೆಯುವವರು ನೀವೇ, ಜೊತೆಗಿರುವವರು ನಾವು" ಎಂದು ಕರಾರಿನ ಮೊದಲ ಪುಟದಲ್ಲೇ ಅಚ್ಚು ಹಾಕಿಸಿದ್ದಾರೆ. ಮನೆಗೆ ಬೀಗರು ಬಂದ ಹಾಗಾಯಿತು. ಕೆಲಸಕ್ಕೆ ಕೈ ಹಚ್ಚುವುದಿಲ್ಲ, ಅಡಿಗೆಮನೆಯವರೆಗೂ ಇಣುಕದೆ ಬಿಡುವುದಿಲ್ಲ.

ಇವರನ್ನು ಗಂಟು ಹಾಕಿದವರು ನಮ್ಮ ರೈತ ಸೊಸೈಟಿಗಳ ಒಕ್ಕೂಟದ ಕಾರ್ಯದರ್ಶಿ ಅಂದಾನೆಪ್ಪ ಸಾಹೇಬರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ಹೋದ ವರ್ಷದಿಂದ ರಾಮದುರ್ಗ, ಈ ನಾಲ್ಕು ಕಡೆಯ ರೈತರು ಗೋವಿನಜೋಳ, ಕಡಲೆ ತಂದು ನಮ್ಮ ಗೋದಾಮುಗಳಲ್ಲಿ ತೂಗಿಸುತ್ತಾರೆ. ಯಾರು ಯಾವ ದಿನ ತರಬೇಕೆಂದು ಹೇಳುವುದು ನಮ್ಮ ಸಾಫ್ಟ್‌ವೇರ್. ಅದರ ಹೆಸರು 'ಪಾಳಿ'. ಒಂಬತ್ತು ವರ್ಷದ ಹಿಂದೆ ನಾನೊಬ್ಬಳೇ ಕುಳಿತು ಬರೆದದ್ದು. ಈಗ ಫೋನ್ ಬುಕಿಂಗ್ ನೋಡಿಕೊಳ್ಳಲು ಸಾಗರ ಇದ್ದಾನೆ, ವರದಿ ತೆಗೆಯಲು ಶೀತಲ ಇದ್ದಾಳೆ. ಆದರೂ ಅದು ನನ್ನ ಕೂಸು.

ಈ ಕೂಸಿಗೆ ಗೋವಿನಜೋಳದ ಕಾಲದಿಂದ ಏನೋ ರೋಗ ಬಡಿದಿದೆ. ಕೆಲವರಿಗೆ ಫೋನಿನಲ್ಲಿ ಪಾಳಿ ಬರುತ್ತದೆ. ಮಾಲು ಹೇರಿಕೊಂಡು ಗೋದಾಮಿಗೆ ಹೋದರೆ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಮರುದಿನ ನೋಡಿದರೆ 'ಪಾಳಿಗೆ ಬರಲಿಲ್ಲ' ಎಂದು ಅವರ ಹೆಸರು ಸಾಲಿನ ಕಟ್ಟಕಡೆಗೆ ಬಿದ್ದಿರುತ್ತದೆ. ಎರಡು ತಿಂಗಳು ಹುಡುಕಿದೆವು. ಸಿಕ್ಕಿಲ್ಲ.

"ಮಾರ್ಚ್ ಮೂವತ್ತೊಂದಕ್ಕ ಕಡ್ಲಿ ಖರೀದಿ ಬಂದ್ ಆಕ್ಕೈತಿ ಉಮಾಶ್ರೀ. ಅಷ್ಟರೊಳಗ ಸಿಕ್ರ ಚಲೋ. ಇಲ್ಲಂದ್ರ ಪಾಳಿನ ಬ್ಯಾರೆ ಕಂಪನಿಗೆ ಕೊಡಬೇಕಾಕ್ಕೈತಿ, ನೀ ಬ್ಯಾಸರ ಮಾಡ್ಕೋಬ್ಯಾಡವಾ," ಎಂದರು ಸಾಹೇಬರು. ಬೇಸರ ಮಾಡಿಕೊಳ್ಳಬಾರದಂತೆ!

ದುರ್ಗಾ ಮೇಡಂ ಬಂದರು. ಐವತ್ತೈದು ದಾಟಿರಬೇಕು, ಬಿಳಿ ಕೂದಲು, ಮುಂದೆ ಒಂದು ನೋಟ್‌ಬುಕ್ಕು. ನಾನು ಕೋಡ್ ತೆರೆದಿಟ್ಟುಕೊಂಡು ಯುದ್ಧಕ್ಕೆ ಸಿದ್ಧಳಾಗಿ ಕುಳಿತಿದ್ದೆ. ಅವರು ಅದರ ಕಡೆ ನೋಡಲೇ ಇಲ್ಲ. "ದೂರು ಹೇಳಿದವರ ಫೋನ್ ಕರೆಗಳು ರೆಕಾರ್ಡ್ ಆಗಿವೆಯಾ?" ಎಂದು ಕೇಳಿದರು. ಸಾಗರ ನಲವತ್ತಮೂರು ಇವೆ ಎಂದ. "ಎಲ್ಲ ಕಳಿಸಿ. ಕೋಡ್ ಆಮೇಲೆ ನೋಡುವ."

ಗಂಡಾಂತರ ಮನೆಯಲ್ಲಿದ್ದರೆ ಇವರು ಊರ ಹಾಡು ಕೇಳಲು ಹೊರಟಿದ್ದಾರೆ.

ಫೆಬ್ರುವರಿ ೧೦, ಮಂಗಳವಾರ

ಅವ್ವನ ಉಪವಾಸದ ಸಾಬೂದಾಣಿ ಉಳಿದಿತ್ತು. ಅದನ್ನೇ ಡಬ್ಬಿಗೆ ಹಾಕಿಕೊಂಡು ಬಂದೆ. ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಫೋನ್. ರಾಮದುರ್ಗದ ಆಚೆಯ ಹಳ್ಳಿಯ ಇಂದ್ರವ್ವ. ಈ ಹೆಂಗಸಿನದು ಇದು ನಾಲ್ಕನೆಯ ಸಲ.

"ಏನ್ ನಡಸೀರವಾ ನೀವು? ಉಪಾಸದಾಗ ಹೋಗಿ ನಾಕ್ ತಾಸು ಬಿಸಲಾಗ ನಿಂತ್ ಬಂದೇನಿ. ನಮ್ಮ ತಮ್ಮನ ಮಗಾ ಟ್ಯಾಕ್ಟರ್ ಬಿಟ್ಟು ಅಳ್ಳಾಡಲಿಲ್ಲ. ಆ ಹಣಮಂತಪ್ಪ ಮೆಷಿನ್ಯಾಗ ಹೆಸರ ಇಲ್ಲ ಅಂತಾನ. ನನ್ನ ಹೆಸರ ನನ್ನ ಫೋನಿನ್ಯಾಗ ಐತಿ, ಅವನ ಮೆಷಿನ್ಯಾಗ ಯಾಕಿಲ್ಲ?"

ಹಣಮಂತಪ್ಪ ರಾಮದುರ್ಗದ ಗೋದಾಮಿನ ಗುಮಾಸ್ತ. ನಾನು, "ನೋಡ್ತೇವ್ರಿ ಅಕ್ಕಾರ, ದೂರು ಬರಕೊಂಡೇವ್ರಿ" ಎಂದು ಫೋನ್ ಇಟ್ಟೆ. ದೂರಿನ ಪುಸ್ತಕದಲ್ಲಿ 'ಪಾಳಿ ತಪ್ಪಿದೆ' ಎಂದು ಬರೆದೆ. ಅದಕ್ಕಿಂತ ಹೆಚ್ಚು ಬರೆಯಲು ಅಲ್ಲಿ ಜಾಗವೂ ಇಲ್ಲ. ಆಕೆಯ ಉಪವಾಸ, ತಮ್ಮನ ಮಗ, ಟ್ರ್ಯಾಕ್ಟರ್ ಕಟ್ಟಿಕೊಂಡು ನನಗೇನಾಗಬೇಕು?

ಫೆಬ್ರುವರಿ ೧೧, ಬುಧವಾರ

ಮೇಡಂ ಇವತ್ತೂ ಕೋಡ್ ನೋಡಲಿಲ್ಲ. "ಅಳ್ಳಾಡಲಿಲ್ಲ ಅಂದರೆ ಎಂತ?" ಎಂದು ಕೇಳಿದರು. ಕದಲಲಿಲ್ಲ ಎಂದೆ. ಬರೆದುಕೊಂಡರು. ನಿನ್ನೆಯ ಕರೆಯನ್ನೂ ಆಗಲೇ ಕೇಳಿಬಿಟ್ಟಿದ್ದಾರೆ! "ಇಂದ್ರವ್ವ ಯಾರ ಟ್ರ್ಯಾಕ್ಟರಿನಲ್ಲಿ ಬರುವುದು?" ಎಂದರು.

"ಟ್ರ್ಯಾಕ್ಟರ್ ಯಾರದಾದ್ರೇನ್ರಿ ಮೇಡಂ? ನಮಗ ಬೇಕಾದ್ದು ಪಾಳಿ," ಎಂದೆ. ಸಾಗರ ನನ್ನ ಮುಖ ನೋಡಿದ. ಸ್ವಲ್ಪ ಖಾರವೇ ಆಯಿತು.

ಅವರಿಗೆ ಖಾರ ಹತ್ತಲಿಲ್ಲ. "ಹೌದು, ಪಾಳಿ ನಿಮಗೆ. ಅವರಿಗೆ ಬೇಕಾದ್ದು ಟ್ರ್ಯಾಕ್ಟರ್, ಅಲ್ವಾ," ಎಂದು ನಕ್ಕರು.

ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ದೂರು ಹೇಳಿದ ಅಷ್ಟೂ ಜನರ ಹೆಸರನ್ನು ಚೀಟಿ ನೋಡದೆ ಹೇಳುತ್ತಾರೆ. ನನಗೆ ಇಂದ್ರವ್ವನದೊಂದೇ ಗೊತ್ತು, ಅದೂ ಆಕೆ ಬೈದದ್ದಕ್ಕೆ.

ಫೆಬ್ರುವರಿ ೧೮, ಬುಧವಾರ

ಮೇಡಂ ಶೀತಲಳ ಚಾರ್ಟು ತರಿಸಿಕೊಂಡರು. ಎರಡು ತಿಂಗಳಿಂದ ನಾವು ಗೋಡೆಗೆ ಹಚ್ಚಿ ನೋಡುತ್ತಿರುವ ಚಾರ್ಟು ಅದು. ವಾರದ ಯಾವ ದಿನ ಎಷ್ಟು ಪಾಳಿ ಕೊಟ್ಟೆವು, ಎಷ್ಟು ಜನ ಬಂದರು, ಯಾವ ಗೋದಾಮಿನಲ್ಲಿ. ಎಲ್ಲ ಕಡೆ ಲೆಕ್ಕ ಸರಿಯಾಗಿಯೇ ಇದೆ, ತಪ್ಪಿದ ಜನ ಮಾತ್ರ ಅದರಲ್ಲಿ ಎಲ್ಲೂ ಇಲ್ಲ. "ಮುಂದಿನ ವಾರ ಮಾತಾಡುವ" ಎಂದರು.

ಮುಂದಿನ ವಾರ! ಮಾರ್ಚ್ ಏನು ಇವರ ಮನೆಯ ಆಳೇ, ಹೇಳಿದ ಕಡೆ ನಿಲ್ಲುವುದಕ್ಕೆ? ಮಧ್ಯಾಹ್ನವೇ ಕುಳಿತು ಸಾಹೇಬರಿಗೆ ಪತ್ರ ಬರೆದೆ. ಮೂರು ವಾರದಿಂದ ಒಂದು ಸಾಲು ಕೋಡ್ ನೋಡದವರ ಬೆಂಬಲ ನಮಗೆ ಬೇಡ, ಕರಾರು ರದ್ದು ಮಾಡಿ ಎಂದು. ಸಹಿ ಹಾಕಿ ಕೊಟ್ಟೂ ಬಂದೆ. ಸಾಹೇಬರು ಓದಿ, ಮಡಚಿ, ಫೈಲಿನಲ್ಲಿಟ್ಟು, "ಮಾರ್ಚ್ ಮುಗೀಲಿ," ಎಂದರು.

ಅಂದರೆ ಮಾರ್ಚ್ ಮುಗಿದ ಮೇಲೆ ಹೋಗುವುದು ಅವರೋ ನಾನೋ ಗೊತ್ತಿಲ್ಲ. ಹೆದರಿಕೆಯಾಗಿದೆ. ಬೇರೆ ಯಾರ ಮುಂದೆಯೂ ಹೇಳುವುದಿಲ್ಲ, ಇಲ್ಲಿ ಬರೆಯುತ್ತೇನೆ.

ಫೆಬ್ರುವರಿ ೨೫, ಬುಧವಾರ

ಆದದ್ದನ್ನು ಆದ ಹಾಗೆಯೇ ಬರೆಯಬೇಕು.

ಹನ್ನೊಂದಕ್ಕೆ ದುರ್ಗಾ ಮೇಡಂ ಬಂದರು. ನೋಟ್‌ಬುಕ್ ತೆರೆದರು. "ಎಲ್ಲ ಕರೆಗಳನ್ನೂ ಎರಡೆರಡು ಸಲ ಕೇಳಿದೆ. ಹದಿನಾರು ಜನ ಉಪವಾಸದ ಮಾತು ತೆಗೀತಾರೆ. ಒಬ್ಬರು ಬರೀ ಬಾಳೆಹಣ್ಣು ತಿಂದು ನಿಂತಿದ್ದೆ ಅಂತಾರೆ. ಒಬ್ಬ ಅಜ್ಜ ಚಹಾ ಕೂಡ ಕುಡಿದಿರಲಿಲ್ಲ. ನಿಮ್ಮ ಕಡೆ ಉಪವಾಸ ಯಾವಾಗ?"

ಸಾಗರ ಥಟ್ಟನೆ, "ಮೊನ್ನೆ ಶಿವರಾತ್ರಿ ಇತ್ತಲ್ರಿ ಮೇಡಂ," ಎಂದ.

"ಕರೆಗಳು ಡಿಸೆಂಬರಿನಿಂದ ಇವೆ ಮಾರಾಯ್ರೆ."

"ಸೋಮವಾರ ಮಾಡ್ತಾರ್ರಿ," ಎಂದಳು ಶೀತಲ. "ನಮ್ಮ ಮನ್ಯಾಗೂ ಮಾಡ್ತಾರ. ಅಕ್ಕಾರ ಮನ್ಯಾಗೂ."

"ಹಾಗಾದರೆ ಆ ಚಾರ್ಟಿನಲ್ಲಿ ಸೋಮವಾರ ತೋರಿಸಿ."

ಶೀತಲ ಚಾರ್ಟು ತೆರೆದಳು. ರವಿವಾರ. ಮಂಗಳವಾರ. ಬುಧವಾರ. ಗುರುವಾರ. ಶುಕ್ರವಾರ. ಶನಿವಾರ. ಮೇಡಂ ಬೆರಳು ಮಡಚಿ ಎಣಿಸಿದರು. "ಆರೇ ಇದೆ. ನಿಮ್ಮ ವಾರಕ್ಕೆ ಎಷ್ಟು ದಿನ?"

ನಮಗೆ ನಗು ಬಂತು. ಮೂವರೂ ಒಂದೇ ದನಿಯಲ್ಲಿ, ಸಣ್ಣ ಕೂಸಿಗೆ ಹೇಳಿದ ಹಾಗೆ ಹೇಳಿದೆವು: "ಸೋಮವಾರ ಎತ್ತು ಹೂಡಂಗಿಲ್ರಿ ಮೇಡಂ!"

ಅವರು ನಗಲಿಲ್ಲ. "ಹೌದಾ? ನನಗೆ ಗೊತ್ತಿರಲಿಲ್ಲ," ಎಂದು ಬರೆದುಕೊಂಡರು. ಆಮೇಲೆ ಮೆಲ್ಲಗೆ, "ಇಂದ್ರವ್ವ ಎತ್ತಿನ ಗಾಡಿಯಲ್ಲಿ ಬಂದಿದ್ದರಾ?" ಎಂದರು.

ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಬರೆಯುತ್ತಿರುವಾಗ ಈಗಲೂ ನಿಲ್ಲುತ್ತಿವೆ.

ಕೋಡ್ ತೆರೆದೆ. ಹುಡುಕಬೇಕಾಗಲೇ ಇಲ್ಲ, ಕೈ ತಾನೇ ಅಲ್ಲಿಗೆ ಹೋಯಿತು. ಒಂಬತ್ತು ವರ್ಷದ ಹಿಂದಿನ ಒಂದೇ ಒಂದು ಸಾಲು. ಸೋಮವಾರವಾದರೆ ಆ ದಿನವನ್ನು ಬಿಟ್ಟುಬಿಡು. ಯಾಕೆ ಎಂದು ಮಗ್ಗುಲಲ್ಲಿ ಒಂದಕ್ಷರ ಬರೆದಿಟ್ಟಿಲ್ಲ. ಸೂರ್ಯ ಯಾಕೆ ಹುಟ್ಟುತ್ತಾನೆ ಎಂದು ಯಾರಾದರೂ ಬರೆದಿಡುತ್ತಾರೆಯೇ? ಹೋದ ವರ್ಷ ಸಾಗರ ಫೋನ್ ಬುಕಿಂಗ್ ಮಾಡಿದಾಗ ವಾರದ ಏಳೂ ದಿನ ಕೊಟ್ಟ. ಅವನಿಗೆ ಈ ಸಾಲು ಗೊತ್ತಿರಲಿಲ್ಲ. ನನಗೂ ನೆನಪಿರಲಿಲ್ಲ. ಬೈಲಹೊಂಗಲದ ಕಡೆಯವರು ರೂಢಿಯಿಂದಲೋ ಏನೋ ಸೋಮವಾರ ಕೇಳುತ್ತಲೇ ಇರಲಿಲ್ಲ, ಹಾಗಾಗಿ ಅದು ನಿದ್ದೆ ಮಾಡಿತ್ತು. ರಾಮದುರ್ಗದ ಹೊಸಬರು ಕೇಳಿದರು. ಫೋನು ಸೋಮವಾರ ಕೊಟ್ಟಿತು, ಗೋದಾಮಿನ ಪಟ್ಟಿ ಸೋಮವಾರವೇ ಇಲ್ಲ ಎಂದಿತು, ಸಂಜೆಗೆ ಅವರ ಹೆಸರಿನ ಮುಂದೆ 'ಬರಲಿಲ್ಲ' ಎಂದು ಬಿತ್ತು. ಶೀತಲಳ ವರದಿಯೂ ಅದೇ ಸಾಲನ್ನು ದಾಟಿಯೇ ಬರುವುದರಿಂದ ತಪ್ಪು ಎಲ್ಲಿತ್ತೋ ಆ ದಿನವನ್ನೇ ನಮಗೆ ತೋರಿಸುತ್ತಿರಲಿಲ್ಲ.

ಎರಡು ತಿಂಗಳು, ಮೂವರು, ಆರು ಕಣ್ಣು. ಗೋಡೆಯ ಮೇಲೆ ಆರು ದಿನದ ವಾರವನ್ನು ನೋಡಿದೆವು, ಒಬ್ಬರಿಗೂ ಒಂದು ದಿನ ಕಡಿಮೆ ಅನ್ನಿಸಲಿಲ್ಲ. ಕೋಡ್ ಮುಟ್ಟದೆ, ಈ ಊರನ್ನೇ ನೋಡದೆ, ಮಂಗಳೂರಿನಲ್ಲಿ ಕುಳಿತ ಹೆಂಗಸು ಯಾರೋ ಅಜ್ಜ ಕುಡಿಯದ ಚಹಾದಿಂದ ಹಿಡಿದು ನನ್ನ ಸಾಲಿನ ತನಕ ನಡೆದುಬಂದರು. ಇಂಥದ್ದನ್ನು ನಾನು ನೋಡಿರಲಿಲ್ಲ. ಹೊಟ್ಟೆಕಿಚ್ಚು ಪಡಲೂ ಆಗುತ್ತಿಲ್ಲ.

ಫೆಬ್ರುವರಿ ೨೬, ಗುರುವಾರ

ಆ ಸಾಲು ಬರೆದ ದಿನ ನೆನಪಾಯಿತು. ಅಪ್ಪ ಆಗಿನ್ನೂ ಇದ್ದ. ಗೋದಾಮಿಗೆ ಅವನೂ ಎತ್ತಿನ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ. "ನಿನ್ನ ಮೆಷಿನ್ ಸೋಮವಾರ ಬಾ ಅಂದ್ರ ನಾ ಬರಂಗಿಲ್ಲ ನೋಡು. ಬಸವಣ್ಣಗ ಒಂದ್ ದಿನಾನೂ ರಜಾ ಬ್ಯಾಡೇನು?" ಎಂದಿದ್ದ. ನಾನು ಅಂದೇ ಕುಳಿತು ಬರೆದೆ. ನನ್ನ ಸಾಫ್ಟ್‌ವೇರ್ ಯಾರ ಎತ್ತಿನ ಕೊರಳಿಗೂ ಸೋಮವಾರ ನೊಗ ಇಡಿಸಬಾರದು ಎಂದು ಎಷ್ಟು ಹೆಮ್ಮೆಪಟ್ಟಿದ್ದೆ.

ಅಪ್ಪನ ಸಲುವಾಗಿ ಬರೆದ ಸಾಲು. ಅದೇ ಇಂದ್ರವ್ವನನ್ನು ಬಿಸಿಲಿಗೆ ನಿಲ್ಲಿಸಿತು.

ಮಾರ್ಚ್ ೨, ಸೋಮವಾರ

"ತಿದ್ದುವ ಮೊದಲು ಒಂದು ಸೋಮವಾರ ಅಲ್ಲಿ ಹೋಗಿ ನಿಂತು ನೋಡಿ ಬನ್ನಿ, ಆಯ್ತಾ," ಎಂದಿದ್ದರು ಮೇಡಂ. ಬೈಲಹೊಂಗಲದಿಂದ ಬೆಳಗಿನ ಮೊದಲ ಬಸ್ಸಿಗೇ ರಾಮದುರ್ಗಕ್ಕೆ ಹೋದೆ. ಸವದತ್ತಿಯಲ್ಲಿ ಬಸ್ಸು ತುಂಬಿತು, ನವಿಲುತೀರ್ಥದ ಅಣೆಕಟ್ಟಿನ ಹತ್ತಿರ ನೀರು ಕಂಡಿತು. ದಾರಿಯುದ್ದಕ್ಕೂ ಹೊಲಗಳಲ್ಲಿ ಎತ್ತುಗಳು ಗಿಡದ ನೆರಳಿಗೆ ಮಲಗಿ ಮೆಲುಕು ಹಾಕುತ್ತಿದ್ದವು. ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೆ, ಸೋಮವಾರವನ್ನು ಹೀಗೆ ಕಣ್ಣಿಟ್ಟು ಎಂದೂ ನೋಡಿರಲಿಲ್ಲ.

ರಾಮದುರ್ಗದ ಗೋದಾಮಿನ ಮುಂದೆ ಒಂಬತ್ತು ಗಂಟೆಗೇ ಏಳು ಟ್ರ್ಯಾಕ್ಟರ್. ಯಾಕೆ ಎಂದು ಒಬ್ಬ ಡ್ರೈವರನನ್ನು ಕೇಳಿದೆ. "ಇವತ್ತ ಹೊಲದಾಗ ಕೆಲಸ ಇರೂದಿಲ್ರಿ ಬಾಯಾರ. ಟ್ಯಾಕ್ಟರೂ ಖಾಲಿ, ಹಮಾಲರೂ ಖಾಲಿ. ಮಾಲ್ ಸಾಗಸಾಕ ಸೋಮವಾರನ ಚಲೋ," ಎಂದ. ಎತ್ತಿಗೆ ರಜೆ ಇರುವುದರಿಂದಲೇ ಇವರಿಗೆ ಸೋಮವಾರ ಬೇಕು! ನಾನು ಯಾವ ರೂಢಿಯನ್ನು ಕಾಯಲು ಬಾಗಿಲು ಹಾಕಿದೆನೋ ಆ ರೂಢಿಯೇ ಇವರನ್ನು ಬಾಗಿಲಿಗೆ ಕರೆತಂದಿತ್ತು.

ಹಣಮಂತಪ್ಪ ಒಬ್ಬೊಬ್ಬರಿಗೂ "ಮೆಷಿನ್ಯಾಗ ಹೆಸರಿಲ್ರಿ" ಎಂದು ಕೈ ಅಡ್ಡ ಮಾಡಿ ಹೊರಳಿಸುತ್ತಿದ್ದ. ನಾನು ಯಾರೆಂದು ತಿಳಿದಾಗ ಅವನಿಗೇ ಮುಜುಗರ. "ಪ್ರತಿ ಸೋಮವಾರ ಹಿಂಗ ಆಕ್ಕೈತ್ರಿ. ನೀವು ಶ್ಯಾಣ್ಯಾರು, ಏನರ ಕಾರಣ ಇದ್ದ ಮಾಡಿರ್ತೀರಿ ಅಂತ ನಾ ಸುಮ್ಮನಿದ್ದೆ," ಎಂದ. ಅವನನ್ನು ಬೈಯಲಿ ಹೇಗೆ? ಗೇಟಿನಲ್ಲಿ ಕೈ ಅಡ್ಡ ಹಿಡಿದು ನಿಂತದ್ದು ನನ್ನ ಸಾಲೇ.

ಆರನೆಯ ಟ್ರ್ಯಾಕ್ಟರಿನಲ್ಲಿ ಇಂದ್ರವ್ವ. ಐದನೆಯ ಸಲ. ಫೋನಿನಲ್ಲಿ ಕೇಳಿದ ದನಿಗೆ ನಾನೊಂದು ದೊಡ್ಡ ಆಳು ಕಲ್ಪಿಸಿಕೊಂಡಿದ್ದೆ. ನನ್ನ ಹೆಗಲಿಗೂ ಬರದ ಹೆಂಗಸು, ಸೆರಗಿನಲ್ಲಿ ಎರಡು ಬಾಳೆಹಣ್ಣು. "ತಪ್ಪು ಯಾರದೂ ಅಲ್ರಿ ಅಕ್ಕಾರ, ನಂದು. ನಾನು ಬರೆದದ್ದು," ಎಂದು ಎಲ್ಲ ಹೇಳಿದೆ. ಅಪ್ಪನ ಮಾತನ್ನೂ ಹೇಳಿದೆ.

ಇಂದ್ರವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎತ್ತಿನ ಮ್ಯಾಲಿನ ಕರಳಿಗೆ ಮಾಡೀದಿ. ಅದಕ್ಕ ನಾ ಏನೂ ಅನ್ನಂಗಿಲ್ಲ. ಖರೆ, ನನ್ನ ಮ್ಯಾಲೂ ಒಂದೀಟ ಕರಳ ಇರಲೆವ್ವಾ." ಅಷ್ಟು ಹೇಳಿ ಒಂದು ಬಾಳೆಹಣ್ಣನ್ನು ನನ್ನ ಕೈಗಿಟ್ಟು, ಟ್ರ್ಯಾಕ್ಟರ್ ಹೊರಳಿಸಿಕೊಂಡು ಹೋದಳು. ಬಸ್ಸಿನಲ್ಲಿ ಅದನ್ನು ತಿಂದೆನೋ ಅತ್ತೆನೋ, ಎರಡೂ.

ಮಾರ್ಚ್ ೪, ಬುಧವಾರ

ಆ ಸಾಲನ್ನು ಕಿತ್ತೊಗೆಯುತ್ತೇನೆ ಎಂದೆ. ಮೇಡಂ ಬೇಡ ಎಂದರು. "ನಿಮ್ಮ ಅಪ್ಪ ಹೇಳಿದ್ದು ಸುಳ್ಳಲ್ಲವಲ್ಲ. ಅದು ಒಳಗೆ ಗುಟ್ಟಾಗಿ ಕೂತಿದ್ದೇ ತಪ್ಪು. ಈಗ ನಿಮ್ಮಲ್ಲಿ ಎತ್ತಿನ ಗಾಡಿ ಎಷ್ಟು ಉಳಿದಿವೆ?"

ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದಿಂದ ಈ ಗಾಡಿಗಳಿಗಾಗಿ ಒಂದು ದಿನ ಮೀಸಲಿಟ್ಟಿದ್ದೇನೆ, ಎಷ್ಟಿವೆ ಎಂದು ಗೊತ್ತಿಲ್ಲ! ಸೊಸೈಟಿಗಳಿಗೆ ಫೋನ್ ಹಚ್ಚಲು ಕುಳಿತೆವು.

ಮಾರ್ಚ್ ೬, ಶುಕ್ರವಾರ

ಮುನ್ನೂರ ಹನ್ನೆರಡು ಚಕ್ಕಡಿ. ಮುರಗೋಡ, ನೇಸರಗಿ ಕಡೆ ಹೆಚ್ಚು. ಹತ್ತಿಪ್ಪತ್ತು ಇರಬಹುದು ಎಂದುಕೊಂಡಿದ್ದೆ. ಮುನ್ನೂರ ಹನ್ನೆರಡು ಮನೆಗಳಲ್ಲಿ ಸೋಮವಾರ ನೊಗ ಗೋಡೆಗೆ ಆತು ನಿಂತಿರುತ್ತದೆ. ಅಪ್ಪ ಕೇಳಿದ್ದರೆ ಎಷ್ಟು ಹಿಗ್ಗುತ್ತಿದ್ದ.

ಸಾಗರ ಬುಕಿಂಗಿನಲ್ಲಿ ಒಂದು ಪ್ರಶ್ನೆ ಸೇರಿಸಿದ. ಚಕ್ಕಡಿಯೋ, ಟ್ರ್ಯಾಕ್ಟರೋ? ಚಕ್ಕಡಿ ಎಂದವರಿಗೆ ಸೋಮವಾರದ ಪಾಳಿ ಬರುವುದಿಲ್ಲ. ಯಾಕೆಂದು ಅವರ ಫೋನಿನಲ್ಲೂ ಬರುತ್ತದೆ, ಕೋಡಿನ ಮಗ್ಗುಲಲ್ಲೂ ನಾನೇ ಬರೆದೆ: 'ಸೋಮವಾರ ಎತ್ತು ಹೂಡುವುದಿಲ್ಲ.' ಅಮಾವಾಸ್ಯೆಯ ಕಥೆ ಏನು ಎಂದು ಶೀತಲ ಕೇಳಿದಳು. ಅಮಾವಾಸ್ಯೆಗೂ ಹೂಡುವುದಿಲ್ಲ, ಹೌದಲ್ಲ! ಅದು ನನಗೆ ಹೊಳೆದೇ ಇರಲಿಲ್ಲ. ಅವಳ ಬೆನ್ನು ತಟ್ಟಿದೆ.

ಮಾರ್ಚ್ ೧೬, ಸೋಮವಾರ

ಪಾಳಿ ತಪ್ಪಿದವರನ್ನೆಲ್ಲ ಸಾಲಿನ ಮೊದಲಿಗೆ ತಂದು ಪಾಳಿ ಕೊಟ್ಟೆವು. ಗೋಡೆಯ ಚಾರ್ಟಿನಲ್ಲಿ ಇವತ್ತು ಏಳನೆಯ ಕಂಬ ಎದ್ದಿತು. ಬೆಳಿಗ್ಗೆ ಸೊನ್ನೆ ಇದ್ದದ್ದು ಹತ್ತು ಗಂಟೆಗೆ ಒಂದಾಯಿತು, ಆಮೇಲೆ ಮೂರು, ಆಮೇಲೆ ಒಂಬತ್ತು. ಮೂವರೂ ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಂತೆವು. ವಾರಕ್ಕೆ ಏಳು ದಿನ ಎನ್ನುವುದು ಇಷ್ಟು ದೊಡ್ಡ ಸಂಗತಿ ಎಂದು ನನಗೆ ನಲವತ್ತೊಂದನೆಯ ವಯಸ್ಸಿನಲ್ಲಿ ತಿಳಿಯಬೇಕಾಯಿತು.

ಹನ್ನೆರಡಕ್ಕೆ ಇಂದ್ರವ್ವನ ಫೋನ್. "ತೂಕ ಆತವಾ! ಹನ್ನೊಂದ್ ಚೀಲ." ಆಮೇಲೆ ತಮ್ಮನ ಮಗನ ಲಗ್ನದ ಸುದ್ದಿ, ಹಣಮಂತಪ್ಪ ಇವತ್ತು ಕುರ್ಚಿ ಹಾಕಿ ಕೂಡಿಸಿದ ಸುದ್ದಿ, ಕಡಲೆಗೆ ಹುಳ ಬಿದ್ದು ಹೋದ ಸುದ್ದಿ. ಕಾಲು ತಾಸಾಯಿತು. "ಉಪಾಸ ಇದ್ರೂ ಇವತ್ತ ಹೊಟ್ಟಿ ತುಂಬೇತಿ ನೋಡು," ಎಂದಳು. ನನ್ನ ಡಬ್ಬಿ ಆರಿಹೋಗಿತ್ತು.

ಮಾರ್ಚ್ ೨೫, ಬುಧವಾರ

ಬೆಳಿಗ್ಗೆ ಅಂದಾನೆಪ್ಪ ಸಾಹೇಬರು ಕರೆದರು. ಪಾಳಿ ನಮ್ಮ ಕೈಯಲ್ಲೇ ಉಳಿಯುತ್ತದೆ. ಆಡಳಿತ ಮಂಡಳಿ ಒಪ್ಪಿದೆ. ಕಣ್ಣಲ್ಲಿ ನೀರು ಬಂದದ್ದನ್ನು ಅವರು ನೋಡಲಿಲ್ಲ ಎಂದುಕೊಂಡಿದ್ದೇನೆ. ಆಮೇಲೆ ಫೈಲಿನಿಂದ ನನ್ನ ಪತ್ರ ತೆಗೆದರು. "ತಪ್ಪಂತೂ ಸಿಕ್ತು. ಇನ್ನ ಆ ಮೇಡಮ್ಮನ ಕರಾರ ಯಾಕ ಬೇಕು? ನೀನ ಬರದ ಕೊಟ್ಟೀದಿ. ಸಹಿ ಮಾಡ್ಲೇನು?"

ಪತ್ರ ಇಸಿದುಕೊಂಡು ಓದಿದೆ. 'ಒಂದು ಸಾಲು ಕೋಡ್ ನೋಡದವರು' ಎಂದಿದ್ದೆ. ಕಿವಿ ಬೆಚ್ಚಗಾದವು. "ಇದು ನನ್ನ ಕಡೀನ ಇರಲ್ರಿ ಸಾಹೇಬ್ರ," ಎಂದೆ. "ಒಂದ್ ಸೋಮವಾರ ಸಿಕ್ಕೈತಿ. ಪಾಳಿಯೊಳಗ ಇನ್ನೂ ಎಷ್ಟ ಸೋಮವಾರ ಅದಾವೋ ಯಾರಿಗೆ ಗೊತ್ತು? ನಮ್ಮ ಮನೀ ನಮಗ ಕಾಣಂಗಿಲ್ರಿ." ಅವರು ನಕ್ಕು ಫೈಲು ಕಟ್ಟಿದರು.

ಹೊರಗೆ ಬಂದರೆ ಸಾಗರ ಕುಣಿಯುತ್ತಿದ್ದ. "ಅಕ್ಕಾರ, ಈ ವಾರ ಒಂದೂ ದೂರಿಲ್ಲ! ಸೊನ್ನೆ!" ಶೀತಲ ಪೇಢೆ ತರಿಸಿದ್ದಳು. ನಾನು ಪೇಢೆ ಕೈಯಲ್ಲಿ ಹಿಡಿದು, "ಚಕ್ಕಡಿಯವರಲ್ಲಿ ಫೋನ್ ಇಲ್ಲದವರು ಎಷ್ಟು ಮಂದಿ?" ಎಂದು ಕೇಳಿದೆ. "ದುರ್ಗಾ ಮೇಡಂನಂಗ ಕೇಳಾಕತ್ತೀರಲ್ರಿ," ಎಂದು ಶೀತಲ ನಕ್ಕಳು. ಹುಡುಗಿಗೆ ಏನಾದರೂ ಒಂದು ಹೇಳಿ ನಗಬೇಕು. ಅವರೆಲ್ಲಿ, ನಾನೆಲ್ಲಿ?

ಹನ್ನೊಂದಕ್ಕೆ ಮೇಡಂ ಬಂದರು. ಸಾಗರ ಸೊನ್ನೆಯ ಸುದ್ದಿ ಹೇಳಿದ. ಅವರು ಖುಷಿಪಟ್ಟರು, ಆಮೇಲೆ ನೋಟ್‌ಬುಕ್ ತೆರೆದರು.

"ಯಾರೂ ಫೋನ್ ಮಾಡಲಿಲ್ಲವಾ? ಯಾಕೆ?"

ನಾನು ನನ್ನ ನೋಟ್‌ಬುಕ್ಕನ್ನು ಸ್ಕ್ರೀನಿನ ಕಡೆ ತಿರುಗಿಸಿ ಹಿಡಿದೆ. ಬೆಳಿಗ್ಗೆ ಅದನ್ನೇ ಬರೆದಿಟ್ಟಿದ್ದೆ: 'ಫೋನೇ ಇಲ್ಲದ ಚಕ್ಕಡಿಯವರು ಪಾಳಿ ಕೇಳುವುದು ಹೇಗೆ, ದೂರು ಹೇಳುವುದು ಹೇಗೆ?' ಮೇಡಂ ಓದಿ, ತಮ್ಮ ಪೆನ್ನು ಕೆಳಗಿಟ್ಟರು. ಖರೀದಿ ಮುಗಿಯಲು ಇನ್ನು ಆರು ದಿನ. ಚಕ್ಕಡಿಯವರ ಪಟ್ಟಿ ತೆಗೆದುಕೊಂಡು ಮುರಗೋಡದ ಸೊಸೈಟಿಗೆ ಮೊದಲ ಫೋನ್ ಹಚ್ಚಿದೆ.